ಎಸ್‌ಎಲ್‌ಆರ್ ಒಬ್ಬರ ಕೈಯಲ್ಲಿ ಪಾಸಿಟಿವ್, ಇನ್ನೊಬ್ಬರ ಕೈಯಲ್ಲಿ ನೆಗೆಟಿವ್: ತಪ್ಪುತ್ತಿರೋದು ಎಲ್ಲಿ?

ಸಾಗರ_ಫಿಸಿಯೋ

ಅಡಿಕೆ ಕೊಯ್ಲು ಮುಗೀತಾ ಬಂದ ಹಾಗೆ ಸೊಂಟ ಹಿಡಿದುಕೊಂಡು ಬರುವವರ ಸಾಲು ಶುರುವಾಗುತ್ತೆ. ಕೈಯಲ್ಲೊಂದು ಚೀಟಿ, ಅದರಲ್ಲಿ "ಎಸ್‌ಎಲ್‌ಆರ್ ಪಾಸಿಟಿವ್, ಬಲ". ಅಷ್ಟೇ. ಎಸ್‌ಎಲ್‌ಆರ್ ಅಂದರೆ ಸ್ಟ್ರೈಟ್ ಲೆಗ್ ರೈಸ್, ಮಲಗಿಸಿ ಮಂಡಿ ಮಡಚದೆ ಕಾಲೆತ್ತಿ, ಬೆನ್ನಿಂದ ಕಾಲಿಗಿಳಿಯೋ ನರ ಒತ್ತಿದೆಯಾ ನೋಡೋದು. ಎಷ್ಟು ಡಿಗ್ರಿಗೆ, ನೋವು ಎಲ್ಲಿ ಬಂತು, ಎಂತದೂ ಇಲ್ಲ. ಅದೇ ಮನುಷ್ಯನನ್ನ ಇಲ್ಲಿ ಮಲಗಿಸಿ ಕಾಲೆತ್ತಿದರೆ 75 ಡಿಗ್ರಿವರೆಗೆ ಆರಾಮಾಗಿ ಹೋಗುತ್ತೆ, ತೊಡೆ ಹಿಂದೆ ಸ್ವಲ್ಪ ಬಿಗಿ ಅಂತಾರೆ, ಮುಗೀತು. ಇನ್ನು ಕೆಲವರಿಗೆ ಉಲ್ಟಾ: ಚೀಟಿಯಲ್ಲಿ ನೆಗೆಟಿವ್, ಇಲ್ಲಿ 40 ಡಿಗ್ರಿಗೆ ಕಾಲ್ಬೆರಳವರೆಗೆ ಚಳುಕು.

ಕಾಲು ಎತ್ತುವುದರಲ್ಲಿ ಇಷ್ಟೊಂದು ವ್ಯತ್ಯಾಸ ಹೇಗೆ? ಎಸ್‌ಎಲ್‌ಆರ್ ಒಂದೇ ಅಲ್ಲ, ಸ್ಲಂಪ್ (ಕೂರಿಸಿ ಕಾಲಿನ ನರ ಎಳೆಯೋದು), ಸ್ಪರ್ಲಿಂಗ್ (ಕುತ್ತಿಗೆಯ ನರಕ್ಕೆ), ಹಾಫ್‌ಮನ್ (ನಡುಬೆರಳಲ್ಲಿ ಮಾಡೋದು) ಎಲ್ಲದರಲ್ಲೂ ಇದೇ ಕತೆ. ಕೈ ಎಲ್ಲಿಡಬೇಕು, ಯಾವ ಕ್ರಮ, ಎಲ್ಲಿ ಎಡವ್ತೀವಿ ಅಂತ ಗೊತ್ತಿದ್ದವರು ಬಿಡಿಸಿ ಹೇಳಿ.

ಕವಲೇದುರ್ಗ

ಮೊದಲು ದಿಂಬು ತೆಗೀರಿ. ಅರ್ಧ ವ್ಯತ್ಯಾಸ ಅಲ್ಲೇ ಇದೆ. ಒಬ್ಬರು ತಲೆಗೆ ಎರಡು ದಿಂಬು ಕೊಟ್ಟು ಪರೀಕ್ಷೆ ಮಾಡ್ತಾರೆ, ಇನ್ನೊಬ್ಬರು ಸಪಾಟಾಗಿ ಮಲಗಿಸ್ತಾರೆ. ಕುತ್ತಿಗೆ ಬಗ್ಗಿದ್ದರೆ ಬೆನ್ನುಹುರಿಯ ಪೊರೆ ಮೇಲಿಂದಲೇ ಎಳೆದುಕೊಂಡಿರುತ್ತೆ, ಕಾಲು ಬೇಗ ನೋಯುತ್ತೆ.

ಕ್ರಮ ಹೀಗೆ. ಅಂಗಾತ ಮಲಗಿಸಿ, ಸೊಂಟ ಓರೆಯಾಗದ ಹಾಗೆ. ಒಂದು ಕೈ ಹಿಮ್ಮಡಿಯ ಕೆಳಗೆ, ಇನ್ನೊಂದು ಮಂಡಿಚಿಪ್ಪಿನ ಸ್ವಲ್ಪ ಮೇಲೆ, ಮಂಡಿ ಮಡಚದ ಹಾಗೆ ತಡೆಯಲು ಮಾತ್ರ. ಒತ್ತಬೇಡಿ. ಪಾದ ಸಡಿಲ. ಇಡೀ ಕಾಲು ಒಳಗೂ ಹೊರಗೂ ತಿರುಗದೆ ನೆಟ್ಟಗಿರಬೇಕು. ಹೊರಕ್ಕೆ ತಿರುಗಿದರೆ ನರದ ಎಳೆತ ಕಡಿಮೆಯಾಗಿ ಸುಳ್ಳು ನೆಗೆಟಿವ್ ಬರುತ್ತೆ. ಒಳಕ್ಕೆ ತಿರುಗಿಸಿ ಮಧ್ಯಕ್ಕೆ ತಂದರೆ ಎಳೆತ ಹೆಚ್ಚು. ಮೊದಲು ನೋವಿಲ್ಲದ ಕಾಲು, ಆಮೇಲೆ ನೋವಿರೋದು. ನಿಧಾನಕ್ಕೆ ಎತ್ತಿ, ಮೊದಲ ಬಾರಿ "ಬಂತು" ಅಂದ ಕೂಡಲೇ ನಿಲ್ಲಿಸಿ, ಕೋನ ನೋಡಿ. ಮೊಬೈಲನ್ನ ಕಣಕಾಲಿನ ಮೂಳೆ ಮೇಲಿಟ್ಟರೆ ಅದರೊಳಗಿನ ಮಟ್ಟದ ಆಪ್ ಡಿಗ್ರಿ ತೋರಿಸುತ್ತೆ, ಕೋನ ಅಳೆಯೋ ಗೋನಿಯೋಮೀಟರ್ ಹುಡುಕೋ ಕೆಲಸ ಇಲ್ಲ.

ನರ ನಿಜವಾಗಿ ಎಳೆಸಿಕೊಳ್ಳೋದು ಸುಮಾರು 30ರಿಂದ 70 ಡಿಗ್ರಿ ಒಳಗೆ. ಆ ಹೊತ್ತಿಗೆ ಮಂಡಿಯಿಂದ ಕೆಳಗೆ, ಅವರು ಮನೆಯಿಂದ ಹೊತ್ತು ತಂದ ಅದೇ ನೋವು ಬಂದರೆ ಪಾಸಿಟಿವ್. ಸೊಂಟ ಮಾತ್ರ ನೋಯ್ತು, ತೊಡೆ ಹಿಂದೆ ಬಿಗೀತು ಅಂದರೆ ಪಾಸಿಟಿವ್ ಅಂತ ಬರೀಬೇಡಿ.

ಗಾಜನೂರು_ಗೂಬೆ

ಇದಕ್ಕೊಂದು ಸೇರಿಸಿ: ನೋವು ಬಂದ ಜಾಗದಿಂದ 5-10 ಡಿಗ್ರಿ ಇಳಿಸಿ, ನೋವು ಹೋಗಲಿ, ಆಮೇಲೆ ಕಾಲು ಅಲ್ಲಾಡಿಸದೆ ಪಾದ ಮಾತ್ರ ಮೇಲಕ್ಕೆ ಬಗ್ಗಿಸಿ. ಬ್ರಾಗಾರ್ಡ್. ಕಾಲಿನ ನೋವು ವಾಪಸ್ ಬಂತಾ? ಹಾಗಾದರೆ ನರ. ತೊಡೆ ಹಿಂದಿನ ಸ್ನಾಯುವಿಗೆ ಪಾದದ ಜೊತೆ ಸಂಬಂಧವೇ ಇಲ್ಲವಲ್ಲ. ಮೀನಖಂಡದಲ್ಲಿ ಮಾತ್ರ ಎಳೆತ ಅಂದರೆ ಅದು ಮೀನಖಂಡವೇ ಇರಬಹುದು, ಇನ್ನೊಂದು ಕಾಲಿಗೂ ಮಾಡಿ ಹೋಲಿಸಿ.

ಹಳೇಸೊರಬ

ಬರೀ ಹೆಸರಿನ ವಿಷಯ ಅನಿಸಿದರೂ ಹೇಳ್ತೇನೆ. ಎಲ್ಲರೂ ಲಸೇಗ್ ಅಂತಾರೆ. ಅದನ್ನ 1881ರಲ್ಲಿ ತನ್ನ ಪ್ರಬಂಧದಲ್ಲಿ ಬರೆದದ್ದು ಲಸೇಗ್‌ನ ಶಿಷ್ಯ ಫಾರ್ಸ್ಟ್. ಅದಕ್ಕೂ ಒಂದು ವರ್ಷ ಮೊದಲೇ ಸರ್ಬಿಯಾದ ಲಾಜಾರೆವಿಚ್ ಬರೆದಿದ್ದ. ಹೆಸರು ಮಾತ್ರ ಗುರುಗಳಿಗೆ.

ಗಾಜನೂರು_ಗೂಬೆ

ನಮ್ಮ ಕಡೆ ಹೊಸದೆಂತ ಅಲ್ಲ ಬಿಡಿ.

ಮಂಡಗದ್ದೆ_ಹಕ್ಕಿ

ಕೋನ, ದಿಂಬು ಎಲ್ಲಾ ಸರಿ. ನನ್ನ ಪ್ರಕಾರ ದೊಡ್ಡ ತಪ್ಪು ಕೇಳೋ ರೀತಿಯಲ್ಲಿ. "ನೋವಾಗುತ್ತಾ?" ಅಂತ ಕೇಳಿದರೆ ಡಿಸ್ಕ್ ಜಾರಿ ನರ ಒತ್ತಿದವರೂ ಹೂಂ, ಇಲ್ಲದವರೂ ಹೂಂ. "ಎಲ್ಲಿ ಏನಾಯ್ತು, ಒಂದು ಬೆರಳಲ್ಲಿ ತೋರಿಸಿ" ಅನ್ನಿ. ಮಂಡಿ ಹಿಂದೆ ತೋರಿಸ್ತಾರಾ, ಹೆಬ್ಬೆರಳು ತೋರಿಸ್ತಾರಾ, ಕಿರುಬೆರಳ ಬದಿ ತೋರಿಸ್ತಾರಾ ಅನ್ನೋದರಲ್ಲೇ ಅರ್ಧ ಉತ್ತರ. ಆಮೇಲೆ "ಇದೇ ನೋವಾ ನಿಮಗೆ ದಿನಾ ಬರೋದು, ಬೇರೆಯದಾ?" ಈ ಎರಡನೇ ಪ್ರಶ್ನೆ ಕೇಳದೆ ಮಾಡಿದ ಯಾವ ನರದ ಪರೀಕ್ಷೆಗೂ ಬೆಲೆ ಇಲ್ಲ.

ಜೋಗದಗುಂಡಿ

ಎಂತಕ್ಕೆ ಇಷ್ಟೆಲ್ಲ ರಗಳೆ ಮಾರಾಯ್ರೆ. ಎಂಆರ್‌ಐ ಬರೆದುಕೊಟ್ಟರೆ ಆಯ್ತಲ್ಲ? ಚಿತ್ರದಲ್ಲಿ ಎಲ್ಲಾ ಕಾಣುತ್ತೆ.

ಕವಲೇದುರ್ಗ

@ಜೋಗದಗುಂಡಿ ಎಲ್ಲಾ ಕಾಣುತ್ತೆ, ತೊಂದರೆನೇ ಅದು. ಬೆನ್ನುನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿದ 2015ರ ವಿಮರ್ಶೆ ನೋಡಿ: 20ರ ವಯಸ್ಸಿನಲ್ಲೇ ಶೇ 30ರಷ್ಟು ಜನರಿಗೆ ಡಿಸ್ಕ್ ಉಬ್ಬಿರುತ್ತೆ, 80ರಲ್ಲಿ ಶೇ 84. ನೋವಿಲ್ಲದವರ ಕತೆ ಇದು. ವರದಿಯಲ್ಲಿ "ಎಲ್4-ಎಲ್5 ಉಬ್ಬಿದೆ" ಅಂತ ಬಂದರೆ, ಅದೇ ಎಲ್5 ಬೇರಿನ (ಸೊಂಟದ ಐದನೇ ಮೂಳೆ ಹತ್ತಿರ ಬೆನ್ನುಮೂಳೆಯಿಂದ ಹೊರಬರೋ ನರದ) ದಾರಿಯಲ್ಲಿ ಜೋಮು, ಹೆಬ್ಬೆರಳ ಬಲ ಕಡಿಮೆ ಇದ್ದರೆ ಮಾತ್ರ ಅದಕ್ಕೆ ಅರ್ಥ. ಎಡಗಡೆ ಉಬ್ಬು, ಬಲಗಾಲು ನೋವು ಅಂತಾದರೆ ಸ್ಕ್ಯಾನ್ ಇಟ್ಟುಕೊಂಡು ಎಂತ ಮಾಡ್ತೀರಿ?

ತುಂಗಾ_ದಡ

ಅಂಕಿ ಬಂತಲ್ಲ, ಎಸ್‌ಎಲ್‌ಆರ್‌ನ ಅಂಕಿಯನ್ನೂ ಹಾಕ್ತೇನೆ. ಆಪರೇಷನ್‌ಗೆ ಬಂದ ರೋಗಿಗಳಲ್ಲಿ ಲೆಕ್ಕ ಹಾಕಿದಾಗ ಸಂವೇದನಾಶೀಲತೆ (ತೊಂದರೆ ಇದ್ದವರಲ್ಲಿ ಪಾಸಿಟಿವ್ ಬರೋದು) ಶೇ 92ರ ಆಸುಪಾಸು, ನಿರ್ದಿಷ್ಟತೆ (ಇಲ್ಲದವರಲ್ಲಿ ನೆಗೆಟಿವ್ ಬರೋದು) ಶೇ 28. ಅಂದರೆ ನೆಗೆಟಿವ್ ಬಂದರೆ ಡಿಸ್ಕ್ ಒತ್ತಿರೋದು ಅನುಮಾನ. ಪಾಸಿಟಿವ್ ಬಂದದ್ದರಿಂದ ಮಾತ್ರ ಏನೂ ಖಾತ್ರಿ ಇಲ್ಲ. ಒಳ್ಳೆ ಕಾಲು ಎತ್ತಿದಾಗ ನೋವಿನ ಕಾಲಿಗೆ ಚಳುಕು ಹೊಡೆಯೋದು, ಕ್ರಾಸ್ಡ್ ಎಸ್‌ಎಲ್‌ಆರ್, ಪೂರ್ತಿ ಉಲ್ಟಾ: ಶೇ 28 ಮತ್ತು ಶೇ 90. ಅಪರೂಪಕ್ಕೆ ಸಿಗುತ್ತೆ, ಸಿಕ್ಕರೆ ನಂಬಬಹುದು. ಆದರೆ ಚೀಟಿಯಲ್ಲಿ ಒಳ್ಳೆ ಕಾಲಿನ ಬಗ್ಗೆ ಬರೆಯೋರೇ ಇಲ್ಲ. ನೋವಿನ ಕಾಲು ಎತ್ತಿ ನೋಡಿ ಕೈ ತೊಳೆದುಬಿಡ್ತಾರೆ.

ಶರಾವತಿ_ಹಿನ್ನೀರು

ಈ ಅಂಕಿಗಳು ಆಪರೇಷನ್ ಟೇಬಲ್ ಹತ್ತಿರ ಬಂದವರದು ಅಂತ ನೀವೇ ಹೇಳಿದಿರಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರೋ ಬೆನ್ನುನೋವಿಗೆ ಹಂಗೇ ಅಂಟಿಸೋಕಾಗಲ್ಲ. ಅಲ್ಲಿ ಡಿಸ್ಕ್ ಇರೋರು ಕಡಿಮೆ, ಉಳುಕು ಜಾಸ್ತಿ.

ತುಂಗಾ_ದಡ

ಒಪ್ಪಿದೆ. ಅದಕ್ಕೇ ಒಂದೇ ಪರೀಕ್ಷೆ ಮೇಲೆ ನಿಲ್ಲಬಾರದು ಅನ್ನೋದು.

ಕುಪ್ಪಳಿ_ಕಾಡು

ಸ್ಲಂಪ್ ಬಗ್ಗೆ ಯಾರೂ ಬರೆದಿಲ್ಲ. ಮಂಚದ ಅಂಚಿಗೆ ಮಂಡಿಯ ಹಿಂಬದಿ ತಾಗುವಂತೆ ಕೂರಿಸಿ, ಕೈ ಬೆನ್ನ ಹಿಂದೆ. ಬೆನ್ನು ಕುಸಿದು ಕೂರಲಿ, ಆದರೆ ಸೊಂಟದಿಂದ ಮುಂದಕ್ಕೆ ಬಾಗಬಾರದು. ಗದ್ದ ಎದೆಗೆ. ನಿಮ್ಮ ಕೈ ತಲೆ ಮೇಲೆ ಭಾರ ಹಾಕದೆ ಸುಮ್ಮನೆ ಇರಲಿ. ಮಂಡಿ ನೀಟ ಮಾಡಿಸಿ, ಪಾದ ಮೇಲಕ್ಕೆ. ಪ್ರತಿ ಹಂತಕ್ಕೂ ನಿಲ್ಲಿಸಿ ಕೇಳಿ. ನೋವು ಬಂದ ಮೇಲೆ ಬೇರೇನೂ ಅಲ್ಲಾಡಿಸದೆ ತಲೆ ಮಾತ್ರ ಎತ್ತಿಸಿ. ಕಾಲಿನ ನೋವು ಇಳಿದು ಮಂಡಿ ಇನ್ನಷ್ಟು ನೀಟಾದರೆ ಪಾಸಿಟಿವ್.

ಜನ ತಪ್ಪೋದು ಕೊನೇ ಹಂತದಲ್ಲಿ. ಆರೋಗ್ಯವಂತರಿಗೂ ಸ್ಲಂಪ್‌ನಲ್ಲಿ ಮಂಡಿ ಪೂರ್ತಿ ನೀಟಾಗಲ್ಲ, ಮಂಡಿ ಹಿಂದೆ ಎಳೆಯುತ್ತೆ. ತಲೆ ಎತ್ತಿಸಿ ನೋಡದೇ ಇದ್ದರೆ ಊರವರೆಲ್ಲ ಸಯಾಟಿಕಾದವರೇ (ಸೊಂಟದಿಂದ ಕಾಲಿಗಿಳಿಯೋ ನರದ ನೋವು).

ಹೊಸನಗರ_ವಿದ್ಯಾರ್ಥಿ

ಒಂದು ಪ್ರಶ್ನೆ. ತೊಡೆ ಮುಂದೆ ನೋವು ಅನ್ನೋರಿಗೆ ಎಸ್‌ಎಲ್‌ಆರ್ ಮಾಡಿ ನೆಗೆಟಿವ್ ಬಂದರೆ ನರ ಸರಿ ಇದೆ ಅಂತ ಬರೀಬಹುದಾ?

ಕುಪ್ಪಳಿ_ಕಾಡು

ಬರೀಬಾರದು. ಎಸ್‌ಎಲ್‌ಆರ್ ಎಳೆಯೋದು ಮುಖ್ಯವಾಗಿ ಎಲ್5 ಮತ್ತು ಅದರ ಕೆಳಗಿನ ಎಸ್1 ಬೇರನ್ನ. ತೊಡೆ ಮುಂಭಾಗ ಅಂದರೆ ಎಲ್2ರಿಂದ ಎಲ್4, ಅದಕ್ಕೆ ಬೋರಲು ಮಲಗಿಸಿ ಮಂಡಿ ಮಡಚಿ, ಹಿಮ್ಮಡಿಯನ್ನ ಕುಂಡಿ ಕಡೆಗೆ ತನ್ನಿ. ತೊಡೆ ಮುಂದೆ ಅವರದೇ ನೋವು ಬಂದರೆ ಫೆಮರಲ್ ನರದ ಎಳೆತ. ಬರದಿದ್ದರೆ ತೊಡೆಯನ್ನ ಸ್ವಲ್ಪ ಮೇಲಕ್ಕೆತ್ತಿ. ಸೊಂಟ ಹಾಸಿಗೆಯಿಂದ ಏಳದ ಹಾಗೆ ಒಂದು ಕೈ ಕುಂಡಿ ಮೇಲಿರಲಿ, ಇಲ್ಲದಿದ್ದರೆ ಬೆನ್ನು ಬಾಗಿ ಬೆನ್ನುನೋವನ್ನೇ ಪಾಸಿಟಿವ್ ಅಂದುಕೊಳ್ತೀರಿ. ತೊಡೆಯ ಸ್ನಾಯು ಬಿಗಿ ಇದ್ದರೆ ಎರಡೂ ಕಡೆ ಒಂದೇ ಥರ ಬಿಗಿಯುತ್ತೆ. ವಯಸ್ಸಾದವರಿಗೆ ಬೋರಲು ಆಗಲ್ಲ ಅಂದರೆ ಒಂದು ಮಗ್ಗುಲಿಗೆ ಮಲಗಿಸಿ, ಮೇಲಿನ ಕಾಲಿಗೆ ಮಾಡಿ.

ಸೀರೆ ಉಟ್ಟವರಿಗೆ ಒಂದು ದೊಗಲೆ ಪೈಜಾಮ ಕೊಠಡಿಯಲ್ಲೇ ಇಟ್ಟಿರಿ. ನೆರಿಗೆ ಹಿಡಿದುಕೊಂಡೇ ಮಲಗಿದವರ ತೊಡೆ ಸಡಿಲ ಆಗೋದೇ ಇಲ್ಲ.

ಕವಲೇದುರ್ಗ

ಸಾಗರದ ಕಡೆಯವರು ಇದ್ದೀರಿ, ಅದಕ್ಕೆ ಹೇಳ್ತೇನೆ: ತೊಡೆ ಮುಂದೆ, ತೊಡೆಸಂದಿಯಲ್ಲಿ ನೋವು ಅಂದ ಕೂಡಲೇ ಸೊಂಟದ ಕೀಲನ್ನೂ ನೋಡಿ. ಮಂಡಿ ಮಡಚಿ, ತೊಡೆ ನೆಟ್ಟಗೆ ನಿಲ್ಲಿಸಿ, ಪಾದವನ್ನ ಹೊರಕ್ಕೆ ತಿರುಗಿಸಿ. ಅಂದರೆ ತೊಡೆ ಒಳಕ್ಕೆ ತಿರುಗುತ್ತೆ. ಅಲ್ಲೇ ಬಿಗಿದು ನೋವಾದರೆ ಬೆನ್ನಿನ ನರ ಅಲ್ಲ, ಕೀಲು. ಹಂದಿಗೋಡು ಕಾಯಿಲೆ ಗೊತ್ತಿರೋರಿಗೆ ಇದು ಹೊಸದಲ್ಲ: ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಗುರುತಿಸಿದ್ದು, ವಂಶದಲ್ಲಿ ಹರಿಯೋದು, ಸೊಂಟದ ಕೀಲು ಮತ್ತು ಬೆನ್ನುಮೂಳೆ ಎರಡನ್ನೂ ಹಾಳು ಮಾಡುತ್ತೆ. ಅಂಥವರಿಗೆ ಬರೀ ಎಸ್‌ಎಲ್‌ಆರ್ ಮಾಡಿದರೆ ಕಾಲೆತ್ತಿದಾಗ ಬರೋ ಕೀಲಿನ ನೋವನ್ನ ಸಯಾಟಿಕಾ ಲೆಕ್ಕಕ್ಕೆ ಹಾಕಿಬಿಡ್ತೀರಿ.

ಆಗುಂಬೆ_ಮಳೆ

ಎಳೆಯೋ ಪರೀಕ್ಷೆಗಳಲ್ಲೇ ಮುಳುಗಿಬಿಟ್ರಲ್ಲ. ಸ್ನಾಯುವಿನ ಬಲ ನೋಡೋದು ಯಾವಾಗ? ಪಾದ ಎತ್ತೋಕೆ ಆಗ್ತಿಲ್ಲ ಅಂತ ಬಂದವರಲ್ಲಿ ಎಷ್ಟೋ ಜನ ಡಿಸ್ಕ್ ಅಲ್ಲ. ಅಡಿಕೆ ಸುಲಿಯೋ ಕಾಲದಲ್ಲಿ ಮೆಟ್ಟುಗತ್ತಿ ಮೇಲೆ ಕಾಲು ಮಡಚಿ ಗಂಟೆಗಟ್ಟಲೆ ಕೂತು, ಮಂಡಿ ಹೊರಬದಿಯ ಸಣ್ಣ ಮೂಳೆಯ ಕತ್ತಿನಲ್ಲಿ, ಪಾದ ಎತ್ತಿಸೋ ಪೆರೋನಿಯಲ್ ನರ ಒತ್ತಿರುತ್ತೆ. ಗದ್ದೆ ಕೆಲಸದಲ್ಲಿ ಕುಕ್ಕರಗಾಲಲ್ಲಿ ಕೂತರೂ ಅದೇ. ಡಿಸ್ಕ್ ಒತ್ತಿದರೂ, ಈ ನರ ಒತ್ತಿದರೂ ಹೆಬ್ಬೆರಳು ಏಳಲ್ಲ, ಪಾದ ಜೋತುಬೀಳುತ್ತೆ. ಬೇರ್ಪಡಿಸೋದು ಹೇಗೆ ಅಂತ ಬರೀರಿ ಯಾರಾದರೂ.

ತುಂಗಾ_ದಡ

ಎಲ್5 ಬೇರಿನಿಂದ ಬರೋ, ಆದರೆ ಪೆರೋನಿಯಲ್ ನರಕ್ಕೆ ಸೇರದ ಸ್ನಾಯು ಹುಡುಕಬೇಕು. ಎರಡಿವೆ.

ಒಂದು, ಪಾದವನ್ನ ಒಳಕ್ಕೆ ತಿರುಗಿಸೋ ಟಿಬಿಯಾಲಿಸ್ ಪೋಸ್ಟೀರಿಯರ್. ಇದನ್ನ ಪಾದ ಕೆಳಕ್ಕೆ ಬಗ್ಗಿಸಿಟ್ಟುಕೊಂಡೇ ನೋಡಬೇಕು. ಪಾದ ನೆಟ್ಟಗಿದ್ದರೆ ಮುಂದಿನ ಸ್ನಾಯುವೂ ಒಳಕ್ಕೆ ಎಳೆಯುತ್ತೆ, ಅದು ಪೆರೋನಿಯಲ್‌ಗೇ ಸೇರಿದ್ದು, ಗೊಂದಲ. ಬಿದ್ದ ಪಾದ ತಾನಾಗೇ ಕೆಳಗಿರುತ್ತೆ, ಹೆಬ್ಬೆರಳ ಬುಡದ ಒಳಬದಿಗೆ ನಿಮ್ಮ ಕೈ ಕೊಟ್ಟು "ಒಳಕ್ಕೆ ತಳ್ಳಿ" ಅನ್ನಿ.

ಇನ್ನೊಂದು, ಕಾಲು ಬದಿಗೆ ಎತ್ತೋ ಗ್ಲೂಟಿಯಸ್ ಮೀಡಿಯಸ್. ಮಗ್ಗುಲಿಗೆ ಮಲಗಿಸಿ, ಮೇಲಿನ ಕಾಲು ನೀಟ, ಸ್ವಲ್ಪ ಹಿಂದಕ್ಕೆ, ಮೇಲೆತ್ತಿಸಿ ಒತ್ತಿ ನೋಡಿ. ಮುಂದಕ್ಕೆ ಬಂದರೆ ತೊಡೆ ಬಾಗಿಸೋ ಸ್ನಾಯು ಸಹಾಯಕ್ಕೆ ಬಂದುಬಿಡುತ್ತೆ.

ಈ ಎರಡೂ ಗಟ್ಟಿ, ಪಾದ ಮಾತ್ರ ಬಿದ್ದಿದೆ ಅಂದರೆ ತೊಂದರೆ ಬಹುಮಟ್ಟಿಗೆ ಮಂಡಿ ಹತ್ತಿರ. ಅಲ್ಲಿ ಬೆರಳಲ್ಲಿ ತಟ್ಟಿದರೆ ಪಾದದ ಮೇಲೆ ಕರೆಂಟ್ ಹೊಡೆದ ಹಾಗಾಗಬಹುದು. ಈ ಎರಡೂ ಸೋತಿವೆ, ಜೊತೆಗೆ ಬೆನ್ನಿಂದ ನೋವು ಇಳಿಯುತ್ತೆ ಅಂದರೆ ಎಲ್5. ಹಿಮ್ಮಡಿ ರಿಫ್ಲೆಕ್ಸ್ (ಹಿಮ್ಮಡಿ ಹಿಂದೆ ಸುತ್ತಿಗೆಯಲ್ಲಿ ತಟ್ಟಿದರೆ ಪಾದ ತಾನಾಗಿ ಜಿಗಿಯೋದು) ಎರಡರಲ್ಲೂ ಇರುತ್ತೆ, ಅದರಿಂದ ತೀರ್ಮಾನ ಆಗಲ್ಲ.

ಮಂಡಗದ್ದೆ_ಹಕ್ಕಿ

ಇದೊಂದು ಉತ್ತರಕ್ಕೆ ಚರ್ಚೆ ಶುರುಮಾಡಿದ್ದು ಸಾರ್ಥಕ.

ಶಿವಪ್ಪನಾಯಕ_ವೃತ್ತ

ಮಂಡಿ ಪಕ್ಕದ ಆ ಜಾಗದಲ್ಲಿ ನರ ದಪ್ಪ ಇದೆಯಾ ಅಂತಲೂ ಮುಟ್ಟಿ ನೋಡಿ, ಕುಷ್ಠದಲ್ಲಿ ಹಾಗಾಗುತ್ತೆ. 2005ರಲ್ಲಿ ದೇಶಮಟ್ಟದಲ್ಲಿ ಕುಷ್ಠ ನಿವಾರಣೆ ಅಂತ ಘೋಷಣೆ ಆದದ್ದು ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಅನ್ನೋ ಲೆಕ್ಕದಲ್ಲಿ. ಪೂರ್ತಿ ಹೋಗಿದೆ ಅಂತಲ್ಲ. ರೋಗಿ ಕೂತು ಮಂಡಿ ಮಡಚಿರಲಿ, ನೀವು ಎದುರಿಗೆ ಕೂತು ಎರಡೂ ಕಾಲನ್ನ ಒಟ್ಟಿಗೆ ಮುಟ್ಟಿ. ಸಣ್ಣ ಮೂಳೆಯ ತಲೆ ಹುಡುಕಿ, ಅದರ ಸ್ವಲ್ಪ ಕೆಳಗೆ ಹಿಂಬದಿಯಲ್ಲಿ ಬೆರಳನ್ನ ಅಡ್ಡಕ್ಕೆ ಉರುಳಿಸಿ. ಮೊಣಕೈಯಲ್ಲಾದರೆ ಒಳಬದಿ ಗಂಟಿನ ಹಿಂದಿನ ಓಣಿಯಿಂದ ಮೇಲಕ್ಕೆ ಅಲ್ನಾರ್, ಕಿರುಬೆರಳಿಗೆ ಹೋಗೋ ನರ. ಮುಟ್ಟುವಾಗ ಕಣ್ಣು ರೋಗಿಯ ಮುಖದ ಮೇಲಿರಲಿ, ನೋವಾದರೆ ಬಾಯಿಗಿಂತ ಮೊದಲು ಅಲ್ಲಿ ಗೊತ್ತಾಗುತ್ತೆ. ಜೊತೆಗೆ ಮೈಮೇಲೆ ಸ್ಪರ್ಶ ಇಲ್ಲದ ಮಚ್ಚೆ ಇದೆಯಾ ಅಂತ ಬಟ್ಟೆ ಸರಿಸಿ ನೋಡಿ.

ಆಗುಂಬೆ_ಮಳೆ

ಎಸ್1ಗೂ ಇದೇ ಥರ ಒಂದು ಮೋಸ ಇದೆ. ಮಲಗಿಸಿ "ನನ್ನ ಕೈ ಒತ್ತಿ" ಅಂದರೆ ಮೀನಖಂಡ ಅರ್ಧ ಬಲ ಕಳಕೊಂಡಿದ್ದರೂ ನಿಮ್ಮ ಕೈಯನ್ನ ಸೋಲಿಸುತ್ತೆ. ಬಲ 5ಕ್ಕೆ 5, ಅಂದರೆ ಪೂರ್ತಿ ಇದೆ ಅಂತ ಬರೆದುಬಿಡ್ತೀರಿ. ನಿಲ್ಲಿಸಿ, ಗೋಡೆಗೆ ಎರಡು ಬೆರಳು ಮಾತ್ರ ತಾಗಿಸಿ, ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತಿಸಿ, 10 ಸಲ. ಎರಡೂ ಕಾಲು ಹೋಲಿಸಿ. ನಾಲ್ಕನೇದಕ್ಕೋ ಐದನೇದಕ್ಕೋ ಎತ್ತರ ಕುಸಿಯುತ್ತೆ, ಇಲ್ಲಾ ಮಂಡಿ ಬಗ್ಗಿಸಿ ಕಳ್ಳಾಟ ಆಡ್ತಾರೆ.

ಗಾಜನೂರು_ಗೂಬೆ

10 ಸಲ 70ರ ಅಜ್ಜನಿಗೂ?

ಆಗುಂಬೆ_ಮಳೆ

ಅಜ್ಜನ ಒಳ್ಳೆ ಕಾಲಿಗೆ ಎಷ್ಟಾಗುತ್ತೋ ಅದೇ ಅಳತೆ.

ಜೋಗದಗುಂಡಿ

ಅಜ್ಜಂದಿರ ವಿಷಯ ಬಂತಲ್ಲ. ನಡೆದರೆ ಕಾಲು ಜೋಮು, ಕೂತರೆ ಸರಿ ಅನ್ನೋರು ಬಹಳ. ಎಸ್‌ಎಲ್‌ಆರ್ ನೆಗೆಟಿವ್. ಹಾಗಾದರೆ ನರ ಅಲ್ಲ ಅಂತಲಾ?

ಕವಲೇದುರ್ಗ

ನರವೇ ಇರಬಹುದು. ಬೆನ್ನುನಾಳ ಕಿರಿದಾದವರಲ್ಲಿ ಎಸ್‌ಎಲ್‌ಆರ್ ಸಾಮಾನ್ಯವಾಗಿ ನೆಗೆಟಿವ್. ಅಲ್ಲಿ ಮಲಗಿಸಿ ಎಳೆಯೋದಕ್ಕಿಂತ ನಡೆಸಿ ನೋಡೋದು ಮೇಲು. ಮಲೆನಾಡಲ್ಲಿ ಕೇಳೋಕೆ ಒಳ್ಳೆ ಪ್ರಶ್ನೆ ಇದೆ: ತೋಟಕ್ಕೆ ಇಳಿಯುವಾಗ ಕಷ್ಟವಾ, ಮನೆಗೆ ಹತ್ತುವಾಗವಾ? ಏರು ಹತ್ತುವಾಗ ಮೈ ಮುಂದಕ್ಕೆ ಬಾಗುತ್ತೆ, ನಾಳ ಸ್ವಲ್ಪ ಅಗಲವಾಗುತ್ತೆ, ಆರಾಮ. ಇಳಿಯುವಾಗ ಬೆನ್ನು ಹಿಂದಕ್ಕೆ ಬಾಗಿ ನಾಳ ಕಿರಿದಾಗುತ್ತೆ. ರಕ್ತನಾಳದ ತೊಂದರೆ ಇದ್ದರೆ ಏರಿನಲ್ಲೇ ಮೀನಖಂಡ ಹಿಡಿಯುತ್ತೆ, ಬಾಗೋ ಅಗತ್ಯವೇ ಇಲ್ಲ, ಸುಮ್ಮನೆ ನಿಂತರೂ ಕಡಿಮೆಯಾಗುತ್ತೆ. ಬೀಡಿ ಸೇದೋರಾದರೆ ಪಾದದ ಮೇಲೆ ಮತ್ತು ಒಳಹರಡಿನ ಹಿಂದೆ ನಾಡಿ ಮುಟ್ಟದೆ ಕಳಿಸಬೇಡಿ. ಎರಡೂ ಒಟ್ಟಿಗೆ ಇರೋರೂ ಉಂಟು.

ಹೊಸನಗರ_ವಿದ್ಯಾರ್ಥಿ

ರಿಫ್ಲೆಕ್ಸ್ ಸಿಗೋದೇ ಇಲ್ಲ ಹಿಮ್ಮಡಿಯಲ್ಲಿ. ಸುತ್ತಿಗೆ ಸರಿ ಇಲ್ವಾ ಕೈ ಸರಿ ಇಲ್ವಾ?

ಶಿವಪ್ಪನಾಯಕ_ವೃತ್ತ

ಸುತ್ತಿಗೆ ಹಗುರ ಇದ್ದರೆ ಅದನ್ನೇ ದೂರಿ, ಪರವಾಗಿಲ್ಲ. ತ್ರಿಕೋನದ ಸಣ್ಣ ರಬ್ಬರ್ ತಲೆಯದ್ದು ಹಿಮ್ಮಡಿಗೆ ಸಾಲಲ್ಲ. ಉದ್ದ ಹಿಡಿಯ, ಭಾರದ ಗುಂಡು ತಲೆಯದ್ದು ತಗೊಳ್ಳಿ, ತುದಿಯಲ್ಲಿ ಹಿಡಿದು ಅದರ ಭಾರಕ್ಕೇ ಬೀಳಲು ಬಿಡಿ. ಕುಕ್ಕಬೇಡಿ.

ಮಲಗಿದವರ ಮಂಡಿ ಸ್ವಲ್ಪ ಮಡಚಿ, ತೊಡೆ ಹೊರಕ್ಕೆ ಚಾಚಿ, ಪಾದವನ್ನ ಹಗುರಕ್ಕೆ ಮೇಲೆ ಬಗ್ಗಿಸಿ ಹಿಡಿದಿರಿ. ಹಿಮ್ಮಡಿ ಹಿಂದಿನ ಸ್ನಾಯುರಜ್ಜು ಸ್ವಲ್ಪ ಎಳೆದುಕೊಂಡಿದ್ದರೆ ಮಾತ್ರ ರಿಫ್ಲೆಕ್ಸ್ ಬರೋದು. ಬರದಿದ್ದರೆ ಕುರ್ಚಿ ಮೇಲೆ ಮಂಡಿಯೂರಿಸಿ, ಪಾದ ಹೊರಗೆ ಜೋತಿರಲಿ, ಆಗ ಹೊಡೆಯಿರಿ. ಆಗಲೂ ಇಲ್ಲದಿದ್ದರೆ ಎರಡೂ ಕೈ ಬೆರಳು ಕೊಕ್ಕೆ ಹಾಕಿ ಎಳೆಯಲು ಹೇಳಿ, ಎಳೆಯೋ ಕ್ಷಣದಲ್ಲೇ ಹೊಡೀಬೇಕು. ಎರಡು ಸೆಕೆಂಡ್ ಮೊದಲೇ ಎಳೆಸಿ ಕಾಯ್ತಾ ಕೂತರೆ ಪ್ರಯೋಜನ ಕಡಿಮೆ.

ವಯಸ್ಸಾದವರಿಗೆ, ಸಕ್ಕರೆ ಕಾಯಿಲೆಯವರಿಗೆ ಎರಡೂ ಕಡೆ ಇಲ್ಲದಿರಬಹುದು. ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲ ಅಂದರೆ ಅದು ಸುದ್ದಿ.

ಕುಪ್ಪಳಿ_ಕಾಡು

ಮಳೆಗಾಲದ ವಿಷಯ ಯಾರೂ ಎತ್ತಿಲ್ಲ, ಆಶ್ಚರ್ಯ! ಜುಲೈನಲ್ಲಿ ಗದ್ದೆಯಿಂದ ನೇರ ಬಂದವರ ಪಾದ ತಣ್ಣಗೆ, ನೆಂದು ಬಿಳಿಚಿರುತ್ತೆ. ಆಗ ಸ್ಪರ್ಶ ಪರೀಕ್ಷೆ ಮಾಡಿದರೆ ಯಾರಿಗೂ ಏನೂ ಗೊತ್ತಾಗಲ್ಲ. ಒರೆಸಿ, ಬೆಚ್ಚಗಿನ ಬಟ್ಟೆ ಸುತ್ತಿ ಸ್ವಲ್ಪ ಹೊತ್ತು ಕೂರಿಸಿ. ನರವಾಹಕತೆ ಪರೀಕ್ಷೆಗೆ ಕಳಿಸಿದರೂ ಹಂಗೇ, ಕೈಯ ಚರ್ಮ 32 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ವೇಗ ಸುಳ್ಳಾಗಿ ಕಡಿಮೆ ತೋರಿಸುತ್ತೆ.

ಇನ್ನು 10 ಗ್ರಾಂ ಮೊನೋಫಿಲಮೆಂಟ್, ಪಾದದ ಸ್ಪರ್ಶ ನೋಡೋ ಎಳೆ, 10 ಗ್ರಾಂ ಒತ್ತಡಕ್ಕೆ ಬಾಗಬೇಕು. ಅದು ನೈಲಾನ್, ತೇವ ಹೀರಿ ಮೆತ್ತಗಾಗುತ್ತೆ. ನಮ್ಮ ಮಳೆಯಲ್ಲಿ ಕಿಟಕಿ ಪಕ್ಕ ಬಿಟ್ಟ ಎಳೆ 10 ಗ್ರಾಂಗೆ ಮೊದಲೇ ಬಾಗುತ್ತೆ, ಒಳ್ಳೆ ಪಾದವೂ ಫೇಲ್. ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಪೊಟ್ಟಣದ ಜೊತೆ ಇಡಿ. ಬಳಸುವಾಗ ಚರ್ಮಕ್ಕೆ ನೆಟ್ಟಗೆ ಇಟ್ಟು, ಬಾಗುವವರೆಗೆ ಒತ್ತಿ, ಒಂದೂವರೆ ಸೆಕೆಂಡ್, ತೆಗೀರಿ. ಎಳೀಬೇಡಿ. ಬರಿಗಾಲಲ್ಲಿ ಓಡಾಡೋರ ಹಿಮ್ಮಡಿ ಆಣಿಗಟ್ಟಿರುತ್ತೆ, ಅಲ್ಲಿ ಪರೀಕ್ಷೆ ಮಾಡಬೇಡಿ.

ಹಳೇಸೊರಬ

ಆಣಿಗಟ್ಟಿದ ಪಾದಕ್ಕೆ ಬಬಿನ್‌ಸ್ಕಿಯೂ (ಅಂಗಾಲು ಗೀಚಿದಾಗ ಹೆಬ್ಬೆರಳು ಮೇಲೆದ್ದರೆ ಮೆದುಳು ಅಥವಾ ಬೆನ್ನುಹುರಿಯ ತೊಂದರೆ) ಸರಿಯಾಗಿ ಬರಲ್ಲ. ಹಿಮ್ಮಡಿಯ ಹೊರಬದಿಯಿಂದ ಶುರುಮಾಡಿ, ಹೊರ ಅಂಚಿನಲ್ಲೇ ಮೇಲೆ ಬಂದು, ಬೆರಳ ಬುಡದಲ್ಲಿ ಒಳಕ್ಕೆ ತಿರುಗಿ, ಹೆಬ್ಬೆರಳ ಬುಡ ತಲುಪೋ ಮೊದಲೇ ನಿಲ್ಲಿಸಬೇಕು. ಐದಾರು ಸೆಕೆಂಡ್ ತಗೊಳ್ಳಿ. ಪಾದದ ನಡುವೆ ಗೀಚಿದರೆ ಕಚಗುಳಿಗೆ ಕಾಲು ಎಳಕೊಳ್ತಾರೆ. ನೋಡಬೇಕಾದ್ದು ಹೆಬ್ಬೆರಳಿನ ಮೊದಲ ಚಲನೆ ಮಾತ್ರ. ಅಂಗಾಲು ತೀರಾ ದಪ್ಪ ಇದ್ದರೆ ಚ್ಯಾಡಕ್: ಹೊರಹರಡಿನ ಕೆಳಗಿಂದ ಪಾದದ ಹೊರಬದಿಯಲ್ಲಿ ಕಿರುಬೆರಳ ಕಡೆಗೆ ಗೀಚಿ.

ಸಾಗರ_ಫಿಸಿಯೋ

ಕುತ್ತಿಗೆಗೂ ಬನ್ನಿ. ಸ್ಪರ್ಲಿಂಗ್ ಅಂದರೆ ತಲೆ ಮೇಲೆ ಎರಡೂ ಕೈಯಿಟ್ಟು ಅದುಮೋದು ಅಂದುಕೊಂಡಿರೋರು ಬಹಳ ಇದ್ದಾರೆ.

ತುಂಗಾ_ದಡ

ಅದುಮೋದು ಕೊನೇ ಹಂತ, ಬಹಳ ಜನರಿಗೆ ಅಲ್ಲಿವರೆಗೆ ಹೋಗೋದೇ ಬೇಡ. ಕೂರಿಸಿ, ತಲೆ ಹಿಂದಕ್ಕೆ, ನೋವಿನ ಕಡೆಗೆ ಬಾಗಿಸಿ, ನಿಲ್ಲಿಸಿ ಕೇಳಿ. ತೋಳಿಗೆ ನೋವು ಇಳಿದರೆ ಅಲ್ಲಿಗೇ ಮುಗೀತು, ಪಾಸಿಟಿವ್. ಇಳಿಯದಿದ್ದರೆ ಮಾತ್ರ ನೆತ್ತಿ ಮೇಲಿಂದ ನಿಧಾನಕ್ಕೆ ಕೆಳಕ್ಕೆ ಒತ್ತಡ. ಕುತ್ತಿಗೆ ಮಾತ್ರ ನೋಯ್ತು ಅಂದರೆ ನೆಗೆಟಿವ್. ಬಿದ್ದು ಪೆಟ್ಟಾದವರಿಗೆ, ಕೀಲುವಾತದವರಿಗೆ, ನಡಿಗೆ ತೊಡರೋರಿಗೆ ಮಾಡಲೇಬೇಡಿ.

ಬರೀ ಸ್ಪರ್ಲಿಂಗ್ ಮೇಲೆ ನಿಲ್ಲದೆ ನಾಲ್ಕನ್ನ ಒಟ್ಟಿಗೆ ನೋಡಿ: ಸ್ಪರ್ಲಿಂಗ್, ತಲೆಯನ್ನ ಮೇಲಕ್ಕೆ ಎಳೆದಾಗ ತೋಳಿನ ನೋವು ಇಳಿಯುತ್ತಾ, ನೋವಿನ ಕಡೆಗೆ ಕುತ್ತಿಗೆ ತಿರುಗೋದು 60 ಡಿಗ್ರಿಗಿಂತ ಕಡಿಮೆಯಾ, ತೋಳಿನ ಮೀಡಿಯನ್ ನರ ಎಳೆಯೋ ಪರೀಕ್ಷೆ. 2003ರ ಅಧ್ಯಯನದಲ್ಲಿ ನಾಲ್ಕೂ ಪಾಸಿಟಿವ್ ಆದರೆ ಬೇರಿನ ತೊಂದರೆಯ ಸಾಧ್ಯತೆ ಶೇ 90. ತೋಳು ಎಳೆಯೋದು ನೆಗೆಟಿವ್ ಆದರೆ ಬೇರಿನ ತೊಂದರೆ ಬಹುಪಾಲು ಇಲ್ಲ.

ಕೈ ತಲೆ ಮೇಲಿಟ್ಟುಕೊಂಡೇ ಒಳಗೆ ಬರ್ತಾರಲ್ಲ ಕೆಲವರು, ಹಂಗಿಟ್ಟರೆ ಆರಾಮ ಅಂತ? ಅವರೇ ಅರ್ಧ ಪರೀಕ್ಷೆ ಮಾಡಿಕೊಂಡು ಬಂದಿರ್ತಾರೆ.

ಶರಾವತಿ_ಹಿನ್ನೀರು

ನಡಿಗೆ ತೊಡರೋದು ಅಂದಿರಲ್ಲ, ಅದನ್ನ ಒತ್ತಿ ಹೇಳಿ. ಚಪ್ಪಲಿ ಕಾಲಿಂದ ಜಾರುತ್ತೆ, ಅಂಗಿ ಗುಂಡಿ ಹಾಕೋಕೆ ಆಗಲ್ಲ, ಕೊಟ್ಟೆಗೆ ಎಲೆ ಮಡಚೋಕೆ ಆಗಲ್ಲ ಅಂದರೆ ಬೆನ್ನುಹುರಿಯೇ ಒತ್ತಿರಬಹುದು. ತಲೆಹೊರೆ ಹೊರೋರಲ್ಲಿ ಕುತ್ತಿಗೆ ನೋವು ಮಾಮೂಲು ಅಂತ ಬಿಟ್ಟುಬಿಡ್ತಾರೆ. 10 ಸೆಕೆಂಡಿನಲ್ಲಿ ಮುಷ್ಟಿ ಪೂರ್ತಿ ಬಿಚ್ಚಿ ಪೂರ್ತಿ ಮುಚ್ಚಲು ಹೇಳಿ, 20ಕ್ಕಿಂತ ಕಡಿಮೆಯಾದರೆ ಎಚ್ಚರ. ಹಾಫ್‌ಮನ್‌ಗೆ ರೋಗಿಯ ಕೈ ನಿಮ್ಮ ಕೈಮೇಲೆ ಸಡಿಲವಾಗಿ ಇರಲಿ, ನಡುಬೆರಳಿನ ಮಧ್ಯದ ಗೆಣ್ಣು ಹಿಡಿದು ಉಗುರನ್ನ ಕೆಳಕ್ಕೆ ಒತ್ತಿ ಪಟಕ್ ಅಂತ ಬಿಡಿ. ಹೆಬ್ಬೆರಳು ಒಳಕ್ಕೆ ಮಡಚಿದರೆ ಪಾಸಿಟಿವ್.

ಗಾಜನೂರು_ಗೂಬೆ

ಹಾಫ್‌ಮನ್ ಪಾಸಿಟಿವ್ ಅಂದ ಕೂಡಲೇ ಗಾಬರಿ ಬೇಡ. ಹುಟ್ಟಾ ಚುರುಕು ರಿಫ್ಲೆಕ್ಸ್ ಇರೋ ಆರೋಗ್ಯವಂತರಲ್ಲೂ ಎರಡೂ ಕೈಯಲ್ಲಿ ಸಿಗುತ್ತೆ.

ಶರಾವತಿ_ಹಿನ್ನೀರು

ಅದಕ್ಕೇ ಐದರ ಗುಂಪು ಇರೋದು: ನಡಿಗೆ ವ್ಯತ್ಯಾಸ, ಹಾಫ್‌ಮನ್, ತಲೆಕೆಳಗಾದ ಸುಪಿನೇಟರ್ ರಿಫ್ಲೆಕ್ಸ್ (ಮಣಿಕಟ್ಟಿನ ಹತ್ತಿರ ತಟ್ಟಿದರೆ ಮೊಣಕೈ ಬದಲು ಬೆರಳು ಮಡಚೋದು), ಬಬಿನ್‌ಸ್ಕಿ, 45 ದಾಟಿದ ವಯಸ್ಸು. ಮೂರು ಸಿಕ್ಕರೆ ಎಂಆರ್‌ಐಗೆ ಕಳಿಸಿ. ಇಲ್ಲಿ ಎಂಆರ್‌ಐ ಬೇಕು, @ಜೋಗದಗುಂಡಿ ಅವರಿಗೆ ಖುಷಿಯಾಗಲಿ. ಒಂದೇ ಸಿಕ್ಕರೂ ನಡಿಗೆ ಕೆಡುತ್ತಾ ಬಂದಿದ್ದರೆ ನಾನಂತೂ ಕಾಯೋದಿಲ್ಲ.

ಜೋಗದಗುಂಡಿ

ಆಯ್ತು ಆಯ್ತು. ಅಂದಹಾಗೆ ಕ್ಷೌರದಂಗಡಿಯಲ್ಲಿ ಕುತ್ತಿಗೆ ಲಟಕ್ ಅನ್ನಿಸಿಕೊಂಡು ಆಮೇಲೆ ಬರೋರಿಗೆ ಯಾವ ಪರೀಕ್ಷೆ?

ತುಂಗಾ_ದಡ

ತಿರುಪಿದ ಮೇಲೆ ಹೊಸದಾಗಿ ಜೋರು ಕುತ್ತಿಗೆ ನೋವು, ತಲೆಸುತ್ತು, ಎರಡೆರಡು ಕಾಣೋದು, ಮಾತು ತೊದಲೋದು ಇದ್ದರೆ ಕುತ್ತಿಗೆ ಮುಟ್ಟಲೇಬೇಡಿ, ತಿರುಗಿಸಿ ನೋಡೋದಂತೂ ಬೇಡವೇ ಬೇಡ. ಹಿಂದಿನ ರಕ್ತನಾಳದ ಒಳಪದರ ಹರಿದಿರಬಹುದು. ಅದು ಪಾರ್ಶ್ವವಾಯುವಿನ ದಾರಿ, ನೇರ ಆಸ್ಪತ್ರೆಗೆ.

ಮಂಡಗದ್ದೆ_ಹಕ್ಕಿ

ಕೈ ಜೋಮು ಅಂದರೆಲ್ಲ ಕುತ್ತಿಗೆ ಅಂತ ಬೆಲ್ಟ್ ಹಾಕಿ ಕಳಿಸೋದು ನಿಲ್ಲಬೇಕು. ಕಳೆ ಕೊಚ್ಚೋ ಯಂತ್ರ ಹಿಡಿಯೋರಿಗೆ ಮಣಿಕಟ್ಟಲ್ಲೇ ನರ ಒತ್ತುತ್ತೆ. ಎರಡೂ ಹೆಬ್ಬೆರಳಲ್ಲಿ ಮಣಿಕಟ್ಟಿನ ಮೇಲೆ 30 ಸೆಕೆಂಡ್ ಒತ್ತಿ, ಡರ್ಕನ್. ಇಲ್ಲಾ ಮಣಿಕಟ್ಟು ಬಗ್ಗಿಸಿ 60 ಸೆಕೆಂಡ್, ಫ್ಯಾಲೆನ್. ಗಡಿಯಾರ ನೋಡಿ, ಮನಸ್ಸಲ್ಲೇ ಎಣಿಸಿದರೆ 60 ಅನ್ನೋದು 25ಕ್ಕೇ ಮುಗಿಯುತ್ತೆ. ಮೊಣಕೈ ಪೂರ್ತಿ ಮಡಚಿಸಬೇಡಿ, ಅಲ್ನಾರ್ ನರ ಕೆರಳಿ ಕಿರುಬೆರಳು ಜೋಮು ಹಿಡಿಯುತ್ತೆ. ಹೆಬ್ಬೆರಳ ಬುಡದ ಅಂಗೈ ದಿಂಡಿನ ಚರ್ಮದಲ್ಲಿ ಸ್ಪರ್ಶ ಸರಿ ಇದ್ದು ಬೆರಳ ತುದಿಯಲ್ಲಿ ಮಾತ್ರ ಇಲ್ಲ ಅಂದರೆ ಮಣಿಕಟ್ಟು, ಯಾಕೆಂದರೆ ಆ ದಿಂಡಿಗೆ ಹೋಗೋ ಕವಲು ಮಣಿಕಟ್ಟಿನ ಸುರಂಗದೊಳಗೆ ಹೋಗಲ್ಲ. ದಿಂಡಿನಿಂದ ಮುಂದೋಳಿನವರೆಗೆ ಜೋಮಿದ್ದರೆ ಕುತ್ತಿಗೆಯ ಸಿ6 ಬೇರು ನೋಡಿ.

ಶಿವಪ್ಪನಾಯಕ_ವೃತ್ತ

ಇಷ್ಟೆಲ್ಲ ಬರೆದು ಕಾಡಾ ಇಕ್ವಿನಾ, ಅಂದರೆ ಬೆನ್ನುನಾಳದ ಕೆಳಗಿನ ನರಗಳ ಗೊಂಚಲು ಒತ್ತೋದು, ಬಿಟ್ಟಿದ್ದೀರಿ. ಎರಡೂ ಕಾಲಿಗೆ ಸಯಾಟಿಕಾ, ಮೂತ್ರ ತುಂಬಿದ್ದು ಗೊತ್ತಾಗಲ್ಲ, ಒರೆಸಿಕೊಳ್ಳುವಾಗ ಸ್ಪರ್ಶ ಇಲ್ಲ. ಜನ ತಾವಾಗಿ ಹೇಳಲ್ಲ, ನಾಚಿಕೆ. ನೇರವಾಗಿ ಕೇಳಿ. ಜೊತೆಗೊಬ್ಬರನ್ನ ನಿಲ್ಲಿಸಿಕೊಂಡು, ಒಪ್ಪಿಗೆ ಪಡೆದು, ಗುದದ ಸುತ್ತ ಎಡ ಬಲ ಎರಡೂ ಕಡೆ ಹಗುರ ಸ್ಪರ್ಶ ಮತ್ತು ಸೂಜಿಮೊನೆ ನೋಡಿ. ಮೂತ್ರ ಮಾಡಿಸಿ, ಉಳಿದದ್ದನ್ನ ಸ್ಕ್ಯಾನರ್‌ನಲ್ಲಿ ಅಳೆಯಿರಿ, 200 ಮಿಲಿ ದಾಟಿದರೆ ಅನುಮಾನ ಗಟ್ಟಿ. ಗುದದ ಬಿಗಿ ಸರಿ ಇದೆ ಅಂತ ಬೆರಳಿಗೆ ಅನಿಸಿದ್ದರಿಂದ ಬಿಟ್ಟುಬಿಡಬೇಡಿ, ಅದನ್ನ ನಂಬೋಕಾಗಲ್ಲ.

ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಘಾಟಿ ಇಳಿದು ಮಣಿಪಾಲಕ್ಕೋ ಅಂತ ಚರ್ಚೆ ಮಾಡ್ತಾ ಕೂರಬೇಡಿ. ಅವತ್ತೇ ಎಂಆರ್‌ಐ ಮಾಡಿ, ಅವತ್ತೇ ಆಪರೇಷನ್ ಮಾಡೋ ವ್ಯವಸ್ಥೆ ಎಲ್ಲಿದೆ ಅಂತ ಫೋನ್ ಮಾಡಿ ಕೇಳಿಯೇ ಗಾಡಿ ಹತ್ತಿಸಿ.

ಹೊಸನಗರ_ವಿದ್ಯಾರ್ಥಿ

ಚೀಟಿಯಲ್ಲಿ ಎಸ್‌ಎಲ್‌ಆರ್ ಹೇಗೆ ಬರೆಯೋದು ಅಂತ ಒಂದು ಮಾದರಿ ಕೊಡ್ತೀರಾ?

ಕವಲೇದುರ್ಗ

"ಬಲ 45 ಡಿಗ್ರಿ, ಮೀನಖಂಡದ ಹೊರಬದಿಯಿಂದ ಹೆಬ್ಬೆರಳವರೆಗೆ ತನ್ನದೇ ನೋವು, ಪಾದ ಬಗ್ಗಿಸಿದರೆ ಹೆಚ್ಚು. ಎಡ 80, ತೊಡೆ ಹಿಂದೆ ಬಿಗಿ ಮಾತ್ರ, ಬಲಕ್ಕೆ ನೋವಿಲ್ಲ. ದಿಂಬು ಇಲ್ಲ. ಬಲಗಾಲಿನ ಹೆಬ್ಬೆರಳು ಎತ್ತುವ ಶಕ್ತಿ 5ಕ್ಕೆ 4, ಕಾಲು ಬದಿಗೆ ಎತ್ತುವುದು 5ಕ್ಕೆ 4, ಹಿಮ್ಮಡಿ ರಿಫ್ಲೆಕ್ಸ್ ಸಮ. ಮೂತ್ರ, ಗುದ ಸುತ್ತ ಸ್ಪರ್ಶ ಸರಿ." ನಾಲ್ಕು ಸಾಲು.

ಗಾಜನೂರು_ಗೂಬೆ

ಓದೋಕೆ ಆಗೋ ಅಕ್ಷರದಲ್ಲಿ ಅಂತಲೂ ಸೇರಿಸಿ.